ಮನೆಯಂಗಳ: ತುಂಡಾದ ಟೈಮಿಂಗ್ ಬೆಲ್ಟ್ ಮನೆಯಲ್ಲೇ ಹಾಕಬಹುದೇ?



ಕಾರು ಕೆಡುವ ಮೊದಲು ಸಾಮಾನ್ಯವಾಗಿ ಏನಾದರೊಂದು ಸೂಚನೆ ಕೊಡುತ್ತದೆ. ಬ್ರೇಕ್ ಸವೆದರೆ ಕಿರ್ರೆನ್ನುತ್ತದೆ. ಬ್ಯಾಟರಿ ಸೋತರೆ ಬೆಳಿಗ್ಗೆ ಸ್ಟಾರ್ಟ್ ಆಗಲು ಗೊಣಗುತ್ತದೆ. ಸೈಲೆನ್ಸರ್ ತೂತಾದರೆ ಹೇಳುವುದೇ ಬೇಡ, ಊರಿಗೆಲ್ಲ ಗೊತ್ತಾಗುತ್ತದೆ! ಆದರೆ ಎಂಜಿನ್ನಿನ ಒಂದು ಬದಿಯಲ್ಲಿ, ಮುಚ್ಚಳದ ಒಳಗೆ ಕಣ್ಣಿಗೆ ಬೀಳದೆ ಓಡುವ ಒಂದು ರಬ್ಬರ್ ಪಟ್ಟಿ ಇದೆ. ಹೆಚ್ಚಿನ ಸಲ ಅದು ಏನೂ ಹೇಳದೆ ಒಮ್ಮೆಗೇ ತುಂಡಾಗುತ್ತದೆ. ಅದೇ ಟೈಮಿಂಗ್ ಬೆಲ್ಟ್. ಈ ತಿಂಗಳು ಅದರ ಬಗ್ಗೆ ಮಾತನಾಡೋಣ.

ಇದಕ್ಕೆ ಕಾರಣ ಬದಿಯಡ್ಕ ಕಡೆಯ ಸಹೋದರಿಯೊಬ್ಬರ ಪತ್ರ. ಅವರು ಬರೆಯುತ್ತಾರೆ: "ಫಾದರ್, ನಮ್ಮದು ಹಳೆಯ ಮಾರುತಿ 800. ಇವರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಂಗಳೂರಿಗೆ ಕರಕೊಂಡು ಹೋಗಲು ಅದೇ ಗತಿ. ಮೊನ್ನೆ ಕುಂಬಳೆ ದಾಟುವಾಗ ಒಮ್ಮೆಗೇ ಬಂದ್ ಬಿತ್ತು. ಟೈಮಿಂಗ್ ಬೆಲ್ಟ್ ಹೋಗಿದೆಯಂತೆ. ಮಗ ಐಟಿಐ ಕಲಿತವ. 'ಅಮ್ಮಾ, ನಾನೇ ಹಾಕ್ತೇನೆ, ಎಂತ ದೊಡ್ಡ ಕೆಲಸ ಇಲ್ಲ' ಅನ್ನುತ್ತಾನೆ. ಇವರು 'ಮುಟ್ಟಿದರೆ ಜಾಗ್ರತೆ' ಅನ್ನುತ್ತಾರೆ. ಮೂರು ದಿನದಿಂದ ಅಪ್ಪ ಮಗನಿಗೆ ಮಾತಿಲ್ಲ. ಏನು ಮಾಡಲಿ?"

ಸಹೋದರಿ, ಎಲ್ಲಕ್ಕಿಂತ ಮೊದಲು ಒಂದು ಮಾತು. ಮುಂದಿನ ಡಯಾಲಿಸಿಸ್ ಕಾರು ರಿಪೇರಿಯಾಗಲೆಂದು ಕಾಯಬಾರದು. ಒಂದು ಸರದಿ ತಪ್ಪಿದರೆ ದೇಹದಲ್ಲಿ ನೀರೂ ಪೊಟ್ಯಾಸಿಯಮ್ಮೂ ಏರುತ್ತವೆ. ಹೃದಯಕ್ಕೆ ಅದು ಅಪಾಯ. ನೆರೆಮನೆಯವರ ಕಾರು, ಬಾಡಿಗೆ ಜೀಪು, ಏನಾದರೂ ಸರಿ, ಎರಡು ವಾರಕ್ಕೆ ಬೇರೆ ಏರ್ಪಾಡು ಇವತ್ತೇ ಮಾಡಿಕೊಳ್ಳಿ. ಕೇಳಲು ಸಂಕೋಚ ಬೇಡ. ನಮ್ಮ ಗಡಿನಾಡಿನ ರೋಗಿಗಳಿಗೆ ಮಂಗಳೂರಿನ ದಾರಿ ಎಂದರೆ ಏನೆಂದು 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಾವೆಲ್ಲ ಕಂಡಿದ್ದೇವೆ. ಆ ಏರ್ಪಾಡು ಆದ ಮೇಲೆ ಕಾರಿನ ಕೆಲಸಕ್ಕೆ ಅವಸರ ಇರುವುದಿಲ್ಲ. ಈ ಕೆಲಸಕ್ಕೆ ಅವಸರವೇ ದೊಡ್ಡ ಶತ್ರು.

ಈ ಬೆಲ್ಟಿನ ಕೆಲಸವೇನು?

ಎಂಜಿನ್ನಿನ ಕೆಳಗಡೆ ಕ್ರ್ಯಾಂಕ್ ಶಾಫ್ಟ್ ಇದೆ. ಪಿಸ್ಟನ್‌ಗಳು ಮೇಲೆ ಕೆಳಗೆ ಹೋಗುವಾಗ ತಿರುಗುವುದು ಅದು. ಮೇಲ್ಗಡೆ, ಹೆಡ್ಡಿನಲ್ಲಿ ಕ್ಯಾಮ್ ಶಾಫ್ಟ್ ಇದೆ. ಗಾಳಿ ಮತ್ತು ಪೆಟ್ರೋಲು ಒಳಗೆ ಬರುವ, ಹೊಗೆ ಹೊರಗೆ ಹೋಗುವ ವಾಲ್ವ್‌ಗಳನ್ನು ತೆರೆಯುವುದು ಅದು. ಇವೆರಡೂ ಒಂದೇ ತಾಳಕ್ಕೆ ನಡೆಯಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು, ಒಂದು ಕೂದಲೆಳೆಯೂ ಹೆಚ್ಚು ಕಡಿಮೆ ಇಲ್ಲದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಈ ತಾಳವನ್ನು ಕೆಳಗಿನಿಂದ ಮೇಲಕ್ಕೆ ಮುಟ್ಟಿಸುವುದೇ ಟೈಮಿಂಗ್ ಬೆಲ್ಟ್. ಜಾರಬಾರದೆಂದು ಅದರ ಒಳಬದಿಯಲ್ಲಿ ಹಲ್ಲುಗಳಿವೆ. ಹಿಗ್ಗಬಾರದೆಂದು ರಬ್ಬರಿನ ಒಳಗೆ ಗಾಜಿನ ನಾರಿನ ಎಳೆಗಳಿವೆ. ಸವೆಯಬಾರದೆಂದು ಹಲ್ಲಿನ ಮೇಲೆ ನೈಲಾನ್ ಬಟ್ಟೆಯ ಹೊದಿಕೆ ಇದೆ.

ಹಲ್ಲಿನ ಬೆಲ್ಟ್ ಮೊದಲು ಕಾರಿಗೆಂದು ಹುಟ್ಟಿದ್ದಲ್ಲ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1940ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ಹೊಲಿಗೆ ಯಂತ್ರಕ್ಕಾಗಿ ತಯಾರಿಸಿದರು. ಸೂಜಿಯೂ ಕೆಳಗಿನ ದಾರವೂ ತಾಳ ತಪ್ಪಬಾರದಲ್ಲವೇ? ಮಾರಾಟಕ್ಕೆ ಬಂದ ಕಾರುಗಳಲ್ಲಿ ಮೊದಲು ಅದನ್ನು ಹಾಕಿದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ ಕಂಪೆನಿಯ 1004 ಎಂಬ ಚಿಕ್ಕ ಕಾರಿನಲ್ಲಿ. ಅದಕ್ಕಿಂತ ಮೊದಲು ಈ ಕೆಲಸಕ್ಕೆ ಹೆಚ್ಚಾಗಿ ಇದ್ದುದು ಕಬ್ಬಿಣದ ಚೈನು ಅಥವಾ ಹಲ್ಲುಚಕ್ರ. ನಮ್ಮ ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳಲ್ಲಿ ಇದ್ದುದೂ ಚೈನೇ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರ 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಬೆಲ್ಟ್ ಇತ್ತು. ಹಗುರ, ಸದ್ದಿಲ್ಲ, ಎಣ್ಣೆ ಬೇಡ, ಅಗ್ಗ. ಒಂದೇ ಒಂದು ತೊಂದರೆ: ಅದಕ್ಕೆ ಆಯುಸ್ಸು ಇದೆ. 800ರ ತಯಾರಿ 2014ರಲ್ಲಿ ನಿಂತರೂ ನಮ್ಮ ಗುಡ್ಡದ ದಾರಿಗಳಲ್ಲಿ ಅದು ಇನ್ನೂ ಓಡುತ್ತಿದೆ. ಅದರೊಂದಿಗೆ ಬೆಲ್ಟಿನ ಪ್ರಶ್ನೆಯೂ ಓಡುತ್ತಿದೆ.

ತುಂಡಾದದ್ದು ಬೆಲ್ಟೇ ಎಂದು ತಿಳಿಯುವುದು ಹೇಗೆ?

ಓಡುತ್ತಿದ್ದ ಎಂಜಿನ್ ಒಂದು ಕೆಮ್ಮೂ ಕೆಮ್ಮದೆ ಒಮ್ಮೆಗೇ ನಿಲ್ಲುತ್ತದೆ. ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ಒಂದೇ ಸಮನೆ ಸರ್ರೆಂದು ತಿರುಗುತ್ತದೆ. ಎಂಜಿನ್ ಮಾತ್ರ ಹತ್ತುವುದಿಲ್ಲ. ವಾಲ್ವ್‌ಗಳು ತಾಳಕ್ಕೆ ಮುಚ್ಚದ ಕಾರಣ ಒಳಗೆ ಒತ್ತಡ ಹುಟ್ಟುವುದಿಲ್ಲ. ಆ ಹಗುರ ಸದ್ದಿಗೆ ಅದೇ ಕಾರಣ.

ಹೀಗಾದಾಗ ಮಾಡಬಾರದ ಎರಡು ಕೆಲಸಗಳಿವೆ. ಮತ್ತೆ ಮತ್ತೆ ಸ್ಟಾರ್ಟ್ ಮಾಡಬಾರದು. ನಾಲ್ಕು ಜನ ಸೇರಿಸಿ ತಳ್ಳಿ ಸ್ಟಾರ್ಟ್ ಮಾಡಲೂ ಬಾರದು. ನಮ್ಮೂರಲ್ಲಿ ಕಾರು ನಿಂತ ಕೂಡಲೇ ತಳ್ಳಲು ಜನ ಓಡಿ ಬರುತ್ತಾರೆ. ಅದು ಒಳ್ಳೆಯ ಮನಸ್ಸೇ, ಆದರೆ ಇಲ್ಲಿ ಉಪಕಾರವಲ್ಲ. ರಸ್ತೆಯ ಬದಿಗೆ ಸರಿಸಬೇಕಾದರೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ತಳ್ಳಿಸಿ.

ಇಳಿಜಾರಿನಲ್ಲಿ ಎಂಜಿನ್ ನಿಂತರೆ ಗಾಬರಿಯಲ್ಲಿ ಕೀ ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆಗಬಹುದು. ಪವರ್ ಬ್ರೇಕ್ ಇರುವ ಕಾರಿನಲ್ಲಿ ಎಂಜಿನ್ ನಿಂತ ಮೇಲೆ ಒಂದೆರಡು ಸಲ ಮಾತ್ರ ಬ್ರೇಕ್ ಹಗುರವಾಗಿ ಹಿಡಿಯುತ್ತದೆ, ನಂತರ ಪೆಡಲ್ ಗಟ್ಟಿಯಾಗುತ್ತದೆ. ಆದ್ದರಿಂದ ಬ್ರೇಕನ್ನು ಪಂಪ್ ಮಾಡದೆ ಒಮ್ಮೆಗೇ ಬಲವಾಗಿ ಒತ್ತಿ ಬದಿಗೆ ನಿಲ್ಲಿಸಿ.

ಮನೆಗೆ ತಂದ ಮೇಲೆ ನೋಡುವುದು ಸುಲಭ. ಬೆಲ್ಟಿನ ಮೇಲಿನ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿ ಇಣುಕಿದರೆ ಗೊತ್ತಾಗುತ್ತದೆ. ಕೆಲವೊಮ್ಮೆ ಬೆಲ್ಟ್ ಪೂರ್ತಿ ತುಂಡಾಗಿರುವುದಿಲ್ಲ. ಕೆಳಗಿನ ಚಿಕ್ಕ ಚಕ್ರದ ಹತ್ತಿರ ನಾಲ್ಕೈದು ಹಲ್ಲುಗಳು ಕಿತ್ತುಹೋಗಿರುತ್ತವೆ. ಮೇಲಿನಿಂದ ನೋಡಿದರೆ ಬೆಲ್ಟ್ ಸರಿಯಾಗಿಯೇ ಕಾಣುತ್ತದೆ! ಆದ್ದರಿಂದ ಇನ್ನೊಬ್ಬರು ಕ್ರ್ಯಾಂಕನ್ನು ಸ್ಪ್ಯಾನರ್‌ನಿಂದ ಮೆಲ್ಲನೆ ಸ್ವಲ್ಪ ತಿರುಗಿಸುವಾಗ ಮೇಲಿನ ಚಕ್ರ ತಿರುಗುತ್ತದೆಯೇ ಎಂದು ನೋಡಬೇಕು.

ಬೆಲ್ಟ್ ಹೋದರೆ ಎಂಜಿನ್ನೂ ಹೋಯಿತೇ?

ಎಲ್ಲ ಖರ್ಚು ನಿಂತಿರುವುದು ಈ ಪ್ರಶ್ನೆಯ ಮೇಲೆ. ಎಂಜಿನ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗಲೂ ತೆರೆದ ವಾಲ್ವಿಗೆ ತಾಗದಷ್ಟು ಜಾಗ ಇರುತ್ತದೆ. ಅಲ್ಲಿ ಬೆಲ್ಟ್ ತುಂಡಾದರೆ ಕಾರು ನಿಲ್ಲುತ್ತದೆ, ಅಷ್ಟೇ. ಹೊಸ ಬೆಲ್ಟ್ ಹಾಕಿದರೆ ಮುಗಿಯಿತು. ಇನ್ನೊಂದರಲ್ಲಿ ಅಷ್ಟು ಜಾಗ ಇರುವುದಿಲ್ಲ. ಇದಕ್ಕೆ ಇಂಟರ್‌ಫಿಯರೆನ್ಸ್ ಎಂಜಿನ್ ಎಂದು ಹೆಸರು. ಪಿಸ್ಟನ್ನೂ ವಾಲ್ವೂ ಒಂದೇ ಜಾಗಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಬಂದು ಹೋಗುತ್ತವೆ. ಒಂದೇ ಬಾಗಿಲಲ್ಲಿ ಇಬ್ಬರು ಸರದಿಯಲ್ಲಿ ದಾಟಿದ ಹಾಗೆ. ಬೆಲ್ಟ್ ಹೋದ ಕ್ಷಣ ಕ್ಯಾಮ್ ನಿಲ್ಲುತ್ತದೆ, ತೆರೆದಿದ್ದ ವಾಲ್ವ್ ತೆರೆದೇ ಉಳಿಯುತ್ತದೆ. ಕ್ರ್ಯಾಂಕ್ ಮಾತ್ರ ಇನ್ನೂ ತಿರುಗುತ್ತಿರುತ್ತದೆ. ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಬಡಿಯುತ್ತದೆ. ಮೆಕ್ಯಾನಿಕ್‌ಗಳು "ವಾಲ್ವ್ ಬೆಂಡ್" ಎನ್ನುವುದು ಇದನ್ನೇ. ಹೆಚ್ಚಿನ ಡೀಸೆಲ್ ಎಂಜಿನ್‌ಗಳೂ ಇಂದಿನ ಅನೇಕ ಪೆಟ್ರೋಲ್ ಎಂಜಿನ್‌ಗಳೂ ಈ ಎರಡನೆಯ ಜಾತಿಯವು.

ನಿಮ್ಮ ಕಾರು ಯಾವ ಜಾತಿ ಎಂದು ಬಾಯಿಮಾತಿನಲ್ಲಿ ನಂಬಬೇಡಿ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಎಂಜಿನ್ ಬಂದಿರುತ್ತದೆ. ಎಂಜಿನ್ನಿನ ನಂಬರು ಹೇಳಿ ಆ ಕಂಪೆನಿಯ ಕೆಲಸ ಬಲ್ಲವರನ್ನು ಕೇಳಿ, ಅಥವಾ ಅದರ ಸರ್ವೀಸ್ ಮ್ಯಾನುವಲ್ ನೋಡಿ. ಗೊತ್ತಾಗುವ ತನಕ ಅದು ಎರಡನೆಯ ಜಾತಿಯದ್ದೇ ಎಂದು ತಿಳಿದು ಕೈ ಹಾಕುವುದು ಕ್ಷೇಮ.

ಕೆಲಸಕ್ಕೆ ಇಳಿಯುವ ಮೊದಲು

ಹಳೆಯ 800ರಂಥ ಒಂದೇ ಕ್ಯಾಮ್ ಇರುವ ಚಿಕ್ಕ ಪೆಟ್ರೋಲ್ ಎಂಜಿನ್ ಆದರೆ, ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವ ಕೈಗೆ ಇದು ಮನೆಯಂಗಳದಲ್ಲಿ ಆಗುವ ಕೆಲಸವೇ. ಆದರೆ ತಯಾರಿ ಬೇಕು.

ಮೊದಲನೆಯದು ಜಾಗ. ನೆಲ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಮಳೆಗಾಲದ ಮಣ್ಣಂಗಳದಲ್ಲಿ ಜ್ಯಾಕ್ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಕೊಡಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಇನ್ನು ಬಹಳ ಮುಖ್ಯವಾದದ್ದು: ಕಾರಿನೊಂದಿಗೆ ಬಂದ ಜ್ಯಾಕ್ ಚಕ್ರ ಬದಲಿಸಲು ಮಾತ್ರ. ಅದರ ಭರವಸೆಯಲ್ಲಿ ಕಾರಿನ ಅಡಿಗೆ ತಲೆ ಹಾಕಬೇಡಿ. ನಮ್ಮ ಕಡೆ ಕೈಗೆ ಸಿಗುವುದೆಂದರೆ ಕೆಂಪುಕಲ್ಲು, ಇಲ್ಲವೇ ಸಿಮೆಂಟಿನ ಟೊಳ್ಳು ಇಟ್ಟಿಗೆ. ಗೋಡೆಗೆ ಅವು ಒಳ್ಳೆಯವು. ಆದರೆ ಕಾರಿನ ಭಾರ ಒಂದೇ ಬಿಂದುವಿನ ಮೇಲೆ ಬಿದ್ದರೆ ಎರಡೂ ಯಾವ ಎಚ್ಚರಿಕೆಯೂ ಕೊಡದೆ ಒಡೆಯುತ್ತವೆ. ಜ್ಯಾಕ್ ಸ್ಟ್ಯಾಂಡ್ ಎಂಬ ಕಬ್ಬಿಣದ ಮುಕ್ಕಾಲಿ ಸಿಗುತ್ತದೆ. ಕೊಳ್ಳಿ, ಅಥವಾ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ. ಅದಿಲ್ಲದಿದ್ದರೆ ಈ ಕೆಲಸ ಮನೆಯಲ್ಲಿ ಬೇಡವೇ ಬೇಡ.

ಎರಡನೆಯದು ಸಾಮಾನು. ಬೆಲ್ಟ್ ಕೊಳ್ಳುವಾಗ ಹಳೆಯದನ್ನು ಕೊಂಡುಹೋಗಿ ಹಲ್ಲುಗಳನ್ನು ಎಣಿಸಿ. ಅಗಲ ನೋಡಿ, ಹಲ್ಲಿನ ಆಕಾರ ಹೋಲಿಸಿ. ಕಂಪೆನಿಯ ಪ್ಯಾಕಿನಲ್ಲಿ ಬರುವ ನಕಲಿಗಳೂ ಇವೆ, ಗುರುತಿನ ಅಂಗಡಿಯಿಂದಲೇ ತನ್ನಿ. ಬೆಲ್ಟಿನ ಜೊತೆಗೆ ಅದನ್ನು ಬಿಗಿಯುವ ಟೆನ್ಶನರ್ ಬೇರಿಂಗನ್ನೂ ಹೊಸದೇ ಹಾಕಿ. ಬೆಲ್ಟ್ ತುಂಡಾಗಲು ಅನೇಕ ಸಲ ನಿಜವಾದ ಕಾರಣ ಆ ಬೇರಿಂಗ್ ಕಚ್ಚಿಕೊಂಡದ್ದು. ಕೆಲವು ಕಾರುಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಅಂಥದರಲ್ಲಿ ಪಂಪನ್ನೂ ಈಗಲೇ ನೋಡಿಕೊಳ್ಳಬೇಕು. ಚಿಕ್ಕ ಕಾರಿನ ಬೆಲ್ಟಿಗೆ ಒಂದು ಹೊಸ ಟಯರಿನಷ್ಟೂ ಬೆಲೆ ಇಲ್ಲ. ಇಲ್ಲಿ ಉಳಿತಾಯ ನೋಡುವುದು ಅಡಿಕೆಗೆ ಹೋದ ಮಾನದ ಕಥೆಯಾಗುತ್ತದೆ.

ಮೂರನೆಯದು ಹಾಕುವವನ ಮೈಮೇಲಿನದ್ದು. ಸಡಿಲ ಅಂಗಿ, ಲುಂಗಿ, ಕುತ್ತಿಗೆಯ ಸರ, ಬೆರಳಿನ ಉಂಗುರ ಯಾವುದೂ ಬೇಡ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲೇ ಬಿಚ್ಚಿ ಬದಿಗಿಡಿ. ಒಳಗೆ ಕೈ ಇರುವಾಗ ಮನೆಯ ಮಗುವೊಂದು ಕೀ ತಿರುಗಿಸಿದರೆ ಏನಾದೀತೆಂದು ಯೋಚಿಸಿ. ಕೀ ನಿಮ್ಮ ಕಿಸೆಯಲ್ಲೇ ಇರಲಿ.

ಕೆಲಸದ ಕ್ರಮ

800ರಲ್ಲಿ ಎಂಜಿನ್ ಅಡ್ಡಕ್ಕೆ ಕುಳಿತಿದೆ. ಬೆಲ್ಟ್ ಇರುವುದು ಬಲಬದಿಯಲ್ಲಿ, ಅಂದರೆ ಡ್ರೈವರ್ ಬದಿಯಲ್ಲಿ. ಮುಂದಿನ ಬಲಚಕ್ರ ಬಿಚ್ಚಿದರೆ ಕೆಳಗಿನಿಂದ ಕೈ ಹೋಗಲು ದಾರಿಯಾಗುತ್ತದೆ. ಹೊರಗಿನ ಫ್ಯಾನ್ ಬೆಲ್ಟ್, ಅದು ಓಡುವ ಚಕ್ರಗಳು, ಅವುಗಳ ಹಿಂದಿನ ಮುಚ್ಚಳ, ಈ ಕ್ರಮದಲ್ಲಿ ಬಿಚ್ಚುತ್ತಾ ಹೋಗಬೇಕು. ಒಂದೊಂದು ಬಿಚ್ಚುವ ಮೊದಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಅದು ಎಲ್ಲಿನದ್ದೋ ಅಲ್ಲೇ ಚುಚ್ಚಿ ಇಡಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದರೆ ಎಂಜಿನ್ ಕೈಯಲ್ಲಿ ತಿರುಗಿಸಲು ಹಗುರ.

ಇನ್ನು ಗುರುತುಗಳು. ಕ್ಯಾಮಿನ ಚಕ್ರದ ಮೇಲೆ ಒಂದು ಗುರುತು, ಅದು ಹೊಂದಬೇಕಾದ ಇನ್ನೊಂದು ಗುರುತು ಹೆಡ್ಡಿನ ಬದಿಯಲ್ಲಿ. ಕ್ರ್ಯಾಂಕಿನ ಚಕ್ರದ ಮೇಲೆ ಒಂದು ಚುಕ್ಕಿ, ಅದಕ್ಕೆ ಹೊಂದುವ ಬಾಣದ ಗುರುತು ಆಯಿಲ್ ಪಂಪಿನ ಕವಚದ ಮೇಲೆ. ಜಿಡ್ಡು ಒರೆಸಿ, ಬಿಳಿ ಪೇಂಟಿನ ಒಂದೊಂದು ಚುಕ್ಕೆ ಇಟ್ಟರೆ ಕಣ್ಣಿಗೆ ಕಾಣುತ್ತದೆ. ಎರಡು ಜೋಡಿಯೂ ಒಂದೇ ಹೊತ್ತಿಗೆ ಎದುರುಬದುರಾಗಿ ನಿಲ್ಲಬೇಕು. ಬೇರೆ ಕಾರುಗಳಲ್ಲಿ ಗುರುತಿನ ಜಾಗ ಬೇರೆ ಇರುತ್ತದೆ. ಅದಕ್ಕೆ ಆ ಕಾರಿನ ಮ್ಯಾನುವಲ್ಲೇ ಪ್ರಮಾಣ.

ಬೆಲ್ಟ್ ತುಂಡಾದ ಎಂಜಿನ್ನಿನಲ್ಲಿ ಒಂದು ಸೂಕ್ಷ್ಮ ಇದೆ. ಕ್ಯಾಮ್ ಎಲ್ಲೋ ನಿಂತಿದೆ, ಕ್ರ್ಯಾಂಕ್ ಇನ್ನೆಲ್ಲೋ ನಿಂತಿದೆ. ಆಗ ಕ್ಯಾಮನ್ನು ಸುಮ್ಮನೆ ತಿರುಗಿಸಿದರೆ, ಈ ತನಕ ಬಾಗದ ವಾಲ್ವ್ ನಿಮ್ಮ ಕೈಯಿಂದಲೇ ಬಾಗಬಹುದು! ಆದ್ದರಿಂದ ಮೊದಲು ಕ್ರ್ಯಾಂಕನ್ನು ಮೆಲ್ಲನೆ, ಪಿಸ್ಟನ್‌ಗಳು ಮೇಲಿನ ತುದಿಯಿಂದ ಕೆಳಗಿರುವ ಸ್ಥಿತಿಗೆ ತರಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ಆದರೆ ಮೊದಲ ಪಿಸ್ಟನ್ ಪೂರ್ತಿ ಮೇಲೆ ಬರುವುದಕ್ಕಿಂತ ಕಾಲು ಸುತ್ತು ಹಿಂದೆ, 800ರಂಥ ಮೂರು ಸಿಲಿಂಡರ್ ಆದರೆ ಒಂದು ಸುತ್ತಿನ ಆರನೆಯ ಒಂದು ಪಾಲು ಹಿಂದೆ ನಿಲ್ಲಿಸಿದರೆ ಯಾವ ಪಿಸ್ಟನ್ನೂ ತುದಿಯ ಹತ್ತಿರ ಇರುವುದಿಲ್ಲ. ಆಮೇಲೆ ಕ್ಯಾಮನ್ನು ಗುರುತಿಗೆ ತನ್ನಿ. ಕೊನೆಗೆ ಕ್ರ್ಯಾಂಕನ್ನು ಗುರುತಿಗೆ ತನ್ನಿ. ಎಲ್ಲಿಯಾದರೂ ಗಟ್ಟಿ ತಾಗಿದ ಹಾಗೆ ಕಂಡರೆ ಬಲ ಹಾಕಬೇಡಿ, ನಿಲ್ಲಿಸಿ.

ಹೊಸ ಬೆಲ್ಟನ್ನು ಮಡಚಬಾರದು, ತಿರುಚಬಾರದು, ಸ್ಕ್ರೂ ಡ್ರೈವರ್ ಹಾಕಿ ಎಬ್ಬಿ ಕೂರಿಸಬಾರದು. ಒಳಗಿನ ಗಾಜಿನ ಎಳೆ ಮುರಿದರೆ ಹೊರಗೆ ಕಾಣುವುದಿಲ್ಲ. ಎಣ್ಣೆ ಕೈಯಿಂದ ಮುಟ್ಟಬೇಡಿ. ಕ್ಯಾಮ್ ಅಥವಾ ಕ್ರ್ಯಾಂಕ್ ಸೀಲಿನಿಂದ ಎಣ್ಣೆ ಒಸರುತ್ತಿದ್ದರೆ ಮೊದಲು ಸೀಲ್ ಬದಲಿಸಿ, ಇಲ್ಲವಾದರೆ ಹೊಸ ಬೆಲ್ಟೂ ಬೇಗ ಹಾಳಾಗುತ್ತದೆ. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ತಿರುಗುವ ದಿಕ್ಕಿಗಿರಲಿ. ಕೆಳಗಿನ ಚಕ್ರದಿಂದ ಹಿಡಿದು, ಟೆನ್ಶನರ್ ಇಲ್ಲದ ಬದಿಯಲ್ಲಿ ಸಡಿಲ ಉಳಿಯದ ಹಾಗೆ ಮೇಲಿನ ಚಕ್ರಕ್ಕೆ ಏರಿಸಿ. ಉಳಿದ ಸಡಿಲವೆಲ್ಲ ಟೆನ್ಶನರ್ ಬದಿಗೆ ಬರಲಿ. ಆಮೇಲೆ ಟೆನ್ಶನರನ್ನು ಬಿಟ್ಟರೆ ಅದರ ಸ್ಪ್ರಿಂಗ್ ಬೆಲ್ಟನ್ನು ಎಳೆದು ಹಿಡಿಯುತ್ತದೆ.

ಇನ್ನು ಮುಖ್ಯ ಪರೀಕ್ಷೆ. ಕ್ರ್ಯಾಂಕನ್ನು ಎಂಜಿನ್ ತಿರುಗುವ ದಿಕ್ಕಿಗೇ, ಸ್ಪ್ಯಾನರ್ ಹಾಕಿ ಕೈಯಿಂದ, ಮೆಲ್ಲಗೆ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎರಡು ಏಕೆ? ಕ್ಯಾಮ್ ಒಂದು ಸುತ್ತು ಮುಗಿಸಿ ಮತ್ತೆ ಗುರುತಿಗೆ ಬರಲು ಕ್ರ್ಯಾಂಕ್ ಎರಡು ಸುತ್ತು ಬರಬೇಕಲ್ಲ! ಈಗ ಗುರುತು ನೋಡಿ. ಎರಡು ಜೋಡಿಯೂ ಸರಿಯಾಗಿ ಹೊಂದಿದರೆ ಟೆನ್ಶನರನ್ನು ಮ್ಯಾನುವಲ್ ಹೇಳಿದ ಬಿಗಿಗೆ ಬಿಗಿಯಿರಿ. ಒಂದು ಹಲ್ಲು ಆಚೀಚೆ ಇದ್ದರೂ ಬಿಚ್ಚಿ ಮತ್ತೆ ಹಾಕಿ. "ಒಂದು ಹಲ್ಲಲ್ಲವಾ, ಸಾರ ಇಲ್ಲ" ಎನ್ನಬೇಡಿ. ಕ್ರ್ಯಾಂಕ್ ಚಕ್ರಕ್ಕೆ 20 ಹಲ್ಲು ಎಂದಿಟ್ಟುಕೊಂಡರೆ ಒಂದು ಹಲ್ಲು ಎಂದರೆ 18 ಡಿಗ್ರಿ ತಪ್ಪು. ಕಾರು ಸ್ಟಾರ್ಟ್ ಆಗಬಹುದು, ಆದರೆ ಏರಿನಲ್ಲಿ ಎಳೆಯುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ, ಬಿಸಿಯಾಗುತ್ತದೆ.

ಎಲ್ಲ ಮತ್ತೆ ಕೂಡಿಸಿ, ಮುಚ್ಚಳ ಹಾಕಿದ ಮೇಲೆಯೇ ಸ್ಟಾರ್ಟ್ ಮಾಡಿ. ಊಂ ಎಂದು ಎಳೆದ ಸದ್ದು ಬಂದರೆ ಬೆಲ್ಟ್ ಹೆಚ್ಚು ಬಿಗಿಯಾಗಿದೆ. ಪಟಪಟ ಎಂದು ಮುಚ್ಚಳಕ್ಕೆ ಬಡಿದರೆ ಸಡಿಲವಾಗಿದೆ. ಎರಡೂ ಕೂಡದು. ಸ್ಟಾರ್ಟ್ ಆಗಿಯೂ ಎಂಜಿನ್ ಒಂದು ಕಾಲು ಕುಂಟಿದ ಹಾಗೆ ಓಡಿದರೆ, ಕಂಪ್ರೆಷನ್ ಗೇಜ್ ಹಾಕಿಸಿ ನೋಡಿ. ಒಂದು ಸಿಲಿಂಡರಿನಲ್ಲಿ ಒತ್ತಡ ತೀರ ಕಡಿಮೆ ಇದ್ದರೆ ವಾಲ್ವ್ ಬಾಗಿರುವ ಸಂಭವ ಹೆಚ್ಚು. ಅಲ್ಲಿಂದ ಮುಂದಿನದ್ದು ಹೆಡ್ ಬಿಚ್ಚುವ ಕೆಲಸ, ಅದು ಗ್ಯಾರೇಜಿನದ್ದು.

ಯಾರು ಕೈ ಹಾಕಬಾರದು?

ಡೀಸೆಲ್ ಕಾರುಗಳಲ್ಲಿ ಕೆಲವೆಡೆ ಇದೇ ಬೆಲ್ಟ್ ಡೀಸೆಲ್ ಪಂಪನ್ನೂ ತಿರುಗಿಸುತ್ತದೆ. ಎರಡು ಕ್ಯಾಮ್ ಇರುವ ಎಂಜಿನ್‌ಗಳಲ್ಲಿ ಅನೇಕಕ್ಕೆ ಚಕ್ರಗಳನ್ನು ಹಿಡಿದು ನಿಲ್ಲಿಸುವ ವಿಶೇಷ ಉಪಕರಣ ಬೇಕು. 2013ರಲ್ಲಿ ಬಂದ ಇಕೋಸ್ಪೋರ್ಟ್‌ನ ಒಂದು ಲೀಟರ್ ಇಕೋಬೂಸ್ಟ್ ಎಂಜಿನ್ನಿನಲ್ಲಿ ಬೆಲ್ಟ್ ಎಂಜಿನ್ ಆಯಿಲ್‌ನ ಒಳಗೇ ಓಡುತ್ತದೆ. ಇವು ಯಾವುವೂ ಮನೆಯಂಗಳದ ಕೆಲಸವಲ್ಲ. ವಾರಂಟಿ ಇರುವ ಕಾರಿಗಂತೂ ಬೇಡ.

ಪತ್ರ ಬರೆದ ಸಹೋದರಿಗೆ ಈಗ ಉತ್ತರ ಹೇಳಬಹುದು. ಮಗನಿಗೆ ಅವಕಾಶ ಕೊಡಿ, ಮೂರು ಷರತ್ತಿನೊಂದಿಗೆ. ಜ್ಯಾಕ್ ಸ್ಟ್ಯಾಂಡ್ ಇರಬೇಕು. ಆ ಎಂಜಿನ್ನಿನ ಮ್ಯಾನುವಲ್ ಕೈಯಲ್ಲಿರಬೇಕು. ಮೊಬೈಲಿನಲ್ಲಿ ನೋಡಿದ್ದು ಬೇರೆ ಎಂಜಿನ್ನಿನದ್ದಾಗಿರಬಹುದು. ಗುರುತು ಹೊಂದಿಸಿ ಆದ ಮೇಲೆ, ಸ್ಟಾರ್ಟ್ ಮಾಡುವ ಮೊದಲು, ಅನುಭವಿ ಮೆಕ್ಯಾನಿಕ್ ಒಬ್ಬರು ಬಂದು ಒಮ್ಮೆ ನೋಡಬೇಕು. ಅವರ ಅರ್ಧ ಗಂಟೆಗೆ ಅವರು ಕೇಳಿದ ಮಜೂರಿ ಚೌಕಾಸಿ ಇಲ್ಲದೆ ಕೊಡಿ. ನಾವು ಕೊಡುವುದು ಅರ್ಧ ಗಂಟೆಗಲ್ಲ, ಅದರ ಹಿಂದಿನ ಇಪ್ಪತ್ತು ವರ್ಷದ ಕೈಗೆ.

ನಿಮ್ಮ ಯಜಮಾನರ ಹೆದರಿಕೆಯನ್ನೂ ತಳ್ಳಿಹಾಕಬೇಡಿ. ಅವರ ಜೀವದ ದಾರಿ ಆ ಕಾರು. ಅದಕ್ಕೆ ಹೆದರುತ್ತಾರೆ, ಮಗನ ಮೇಲಿನ ಅಪನಂಬಿಕೆಯಿಂದಲ್ಲ. ಅವರಿಗೆ ಒಂದು ಕುರ್ಚಿ ಹಾಕಿ, ಕೈಯಲ್ಲಿ ಮ್ಯಾನುವಲ್ ಕೊಡಿ. ಒಂದೊಂದು ಹಂತ ಅವರು ಓದಿ ಹೇಳಲಿ, ಮಗ ಮಾಡಲಿ. ಗ್ಯಾರೇಜ್‌ಗಳಲ್ಲೂ ಗುರುತನ್ನು ಇನ್ನೊಬ್ಬರ ಕಣ್ಣಿನಿಂದ ನೋಡಿಸುವ ಅಭ್ಯಾಸ ಒಳ್ಳೆಯದೆಂದು ತಿಳಿದವರು ಹೇಳುತ್ತಾರೆ. ಅದಕ್ಕೆ ಅಪ್ಪನ ಕಣ್ಣಿಗಿಂತ ಎಚ್ಚರದ ಕಣ್ಣು ಯಾವುದು?

ತುಂಡಾಗುವ ಮೊದಲೇ

ಉಳಿದ ಓದುಗರಿಗೆ ಹೇಳಬೇಕಾದ್ದು ಇನ್ನೂ ಸರಳ. ತುಂಡಾಗುವ ತನಕ ಕಾಯಬೇಡಿ. ಮೊದಲು ನಿಮ್ಮ ಕಾರಿನಲ್ಲಿ ಇರುವುದು ಬೆಲ್ಟೋ ಚೈನೋ ಎಂದು ಕೇಳಿಕೊಳ್ಳಿ. ಮಾರುತಿಯ ಕೆ ಸರಣಿಯ ಎಂಜಿನ್‌ಗಳಂಥ ಅನೇಕ ಇತ್ತೀಚಿನ ಎಂಜಿನ್‌ಗಳಲ್ಲಿ ಇರುವುದು ಚೈನು. ಅದಕ್ಕೆ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗುತ್ತಿರಬೇಕು. ಬೆಲ್ಟ್ ಆದರೆ ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕೆ ಬದಲಿಸಬೇಕೆಂದು ಮಾಲೀಕರ ಪುಸ್ತಕದಲ್ಲಿ ಬರೆದಿರುತ್ತದೆ. ಕೆಲವಕ್ಕೆ 60,000 ಕಿ.ಮೀ., ಕೆಲವಕ್ಕೆ 1,00,000 ಅಥವಾ ಇನ್ನೂ ಹೆಚ್ಚು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು ಲೆಕ್ಕ.

ಈ "ಎಷ್ಟು ವರ್ಷ" ಎಂಬುದನ್ನು ನಮ್ಮ ಕಡೆಯವರು ಮರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಮಗ ಗಲ್ಫಿನಲ್ಲಿ, ಕಾರು ಶೆಡ್ಡಿನಲ್ಲಿ. ರಜೆಗೆ ಬಂದಾಗ ಒಂದು ತಿಂಗಳು ಓಡುತ್ತದೆ, ಉಳಿದ ಹನ್ನೊಂದು ತಿಂಗಳು ಬಟ್ಟೆ ಹೊದ್ದು ಮಲಗುತ್ತದೆ. "ಹೊಸ ಕಾರಿನ ಹಾಗೆ ಉಂಟು, ಮೂವತ್ತು ಸಾವಿರವೂ ಓಡಿಲ್ಲ" ಎನ್ನುತ್ತಾರೆ. ಮೀಟರ್ ಓಡಿರಲಿಕ್ಕಿಲ್ಲ, ವರ್ಷ ಓಡಿದೆ. ನಿಂತಲ್ಲೇ ರಬ್ಬರ್ ಗಡುಸಾಗುತ್ತದೆ, ಸಣ್ಣ ಬಿರುಕು ಬಿಡುತ್ತದೆ. ಶೆಡ್ಡಿನ ಇಲಿ ಹಲ್ಲು ಹಾಕುವುದೂ ಉಂಟು. ಮದುವೆಯ ದಿನವೋ ಆಸ್ಪತ್ರೆಯ ದಿನವೋ ಇಡೀ ಕುಟುಂಬ ಹತ್ತಿದಾಗಲೇ ಅದು ತುಂಡಾಗುತ್ತದೆ. ಹಳೆಯ ಕಾರು ಕೊಳ್ಳುವವರೂ ಅಷ್ಟೇ. ಬೆಲ್ಟ್ ಯಾವಾಗ ಬದಲಿಸಿದ್ದೆಂದು ಬಿಲ್ ತೋರಿಸಿ ಹೇಳುವವರು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ.

ಕೊನೆಗೆ ಖರ್ಚಿಲ್ಲದ ಒಂದು ಕೆಲಸ. ಮನೆಯ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಕಾರಿಗೊಂದು ಜಾಗ ಕೊಡಿ. ಬೆಲ್ಟ್ ಬದಲಿಸಿದ ತಾರೀಕು, ಆಗಿನ ಕಿಲೋಮೀಟರ್, ಮುಂದೆ ಯಾವಾಗ, ಈ ಮೂರು ಸಾಲು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಮನೆಯ ಎಲ್ಲರೂ ಓದುವ ಹಾಗೆ. ಎಷ್ಟೋ ಮನೆಗಳಲ್ಲಿ ಕಾರಿನ ವಿಷಯ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಆ ಒಬ್ಬರು ಹಾಸಿಗೆ ಹಿಡಿದರೆ, ಊರು ಬಿಟ್ಟರೆ, ಉಳಿದವರಿಗೆ ಏನೂ ತಿಳಿಯದು. ಅದೇ ಮೂರು ಸಾಲನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೂ ಅಂಟಿಸಿ. ಮುಂದೆ ಆ ಬಾನೆಟ್ ಎತ್ತುವ ಮೆಕ್ಯಾನಿಕ್‌ಗೆ ಅದೊಂದೇ ಸಾಕು.